ಕೊರಳಲ್ಲಿ ಅಣ್ಣನ ಹೆಸರು

ಮಾರ್ಚ್ ೩, ಸೋಮವಾರ

ಬೆಳಗಿನ ಜಾವ ಕೆಟ್ಟ ಕನಸು. ನಮ್ಮ ಹೈಸ್ಕೂಲಿನ ಸ್ಟಾಫ್‌ರೂಮಿನಲ್ಲಿ ಹೆಡ್‌ಮಾಸ್ತರರು ಹಾಜರಿ ಪುಸ್ತಕ ಬಿಚ್ಚಿಕೊಂಡು ಒಬ್ಬೊಬ್ಬರ ಹೆಸರು ಕರೆಯುತ್ತಿದ್ದರು. ಎಲ್ಲರೂ ಹಾಜರ್ ಹಾಜರ್ ಅಂದರು. ಕೊನೆಗೆ ಶಿವಲಿಂಗವ್ವ ಎಂದು ಕರೆದರು. ಅದು ನಮ್ಮ ಅವ್ವನ ಹೆಸರು. ಯಾರೂ ದನಿ ಎತ್ತಲಿಲ್ಲ. ಅವಳ ಪರವಾಗಿ ನಾನು ಕೈ ಎತ್ತೋಣವೆಂದರೆ ಎರಡೂ ಕೈಯಲ್ಲಿ ಚಹಾದ ಟ್ರೇ. ಎತ್ತಿದರೆ ಚಹಾ ಚೆಲ್ಲಿ ಪುಸ್ತಕ ಹಾಳಾಗುತ್ತದೆ. ಎತ್ತಲಿಲ್ಲ. ಹೆಡ್‌ಮಾಸ್ತರರು ಕೆಂಪು ಪೆನ್ನಿನ ಟೋಪಿ ತೆಗೆದರು. ಅಷ್ಟರಲ್ಲಿ ಎಚ್ಚರಾಯಿತು.

ಕನಸಿಗೆ ಕಾರಣ ಉಂಟು. ನಿನ್ನೆ ಅವ್ವ ನಮ್ಮ ಬಚ್ಚಲಲ್ಲಿ ಬಿದ್ದಳು. ಅವಳು ಇರುವುದು ಉಣಕಲ್ಲಿನಲ್ಲಿ, ದ್ಯಾಮಣ್ಣನ ಮನೆಯಲ್ಲಿ. ನಾಲ್ಕು ದಿನ ಇದ್ದು ಹೋಗುತ್ತೇನೆಂದು ಲಕಮನಹಳ್ಳಿಗೆ, ನಮ್ಮಲ್ಲಿಗೆ ಬಂದಿದ್ದಳು. ಕಲ್ಲು ಜಾರುತ್ತದೆ, ಬಿದ್ದಾಳು ಎಂದು ನಾನೇ ಹೋಗಿ ರಬ್ಬರ್ ಚಾಪೆ ತಂದು ಬಚ್ಚಲಿಗೆ ಹಾಸಿದ್ದೆ. ಆ ಚಾಪೆಯ ಅಂಚಿಗೆ ಕಾಲು ತೊಡರಿ ಬಿದ್ದಳು. ಸೊಂಟದ ಹತ್ತಿರ ತೊಡೆಯ ಎಲುಬು ಮುರಿದಿದೆ. ಸತ್ತೂರಿನ ದವಾಖಾನೆಯಲ್ಲಿ ಇದ್ದೇವೆ. ಆಪರೇಶನ್ ಆಗಬೇಕು ಎಂದಿದ್ದಾರೆ. ಈ ವಯಸ್ಸಿಗೆ ಹೆಚ್ಚು ದಿನ ಮಲಗಿಸಿ ಇಡಬಾರದಂತೆ, ಎದೆಗೆ ಕಫ ಕಟ್ಟಿ ಬೇರೆ ರೋಗ ಹತ್ತುತ್ತದಂತೆ. ಇದನ್ನು ಕೇಳಿದಾಗಿನಿಂದ ಅವಳು ಕೆಮ್ಮಿದರೆ ಎದ್ದು ನಿಲ್ಲುತ್ತೇನೆ.

ಕೌಂಟರಿನಲ್ಲಿ ಎಲ್ಲ ಬರೆಸಿದವನು ಅಣ್ಣ. ಅಂಥ ಕಡೆ ಮಾತಾಡುವವನು ಅವನೇ, ನಾನು ಹಿಂದೆ ಚೀಲ ಹಿಡಿದು ನಿಲ್ಲುವವನು. ಗುಲಾಬಿ ಬಣ್ಣದ ಒಂದು ಕಾರ್ಡು ಕೊಟ್ಟರು. ಪೇಷಂಟ್ ಅಟೆಂಡರ್ ಎಂದು ಅಚ್ಚಾಗಿದೆ, ಕೆಳಗೆ ದ್ಯಾಮಣ್ಣ ಎಂದು ಅಣ್ಣನ ಹೆಸರು. ಅದನ್ನು ಕೊರಳಿಗೆ ಹಾಕಿಕೊಂಡವರಿಗೆ ಮಾತ್ರ ಒಳಗೆ ಬಿಡುತ್ತಾರೆ. ವಾರ್ಡಿಗೆ ಬಂದ ಕೂಡಲೇ ಅಣ್ಣ ತನ್ನ ಕೊರಳಿನಿಂದ ತೆಗೆದು ನನ್ನ ಕೊರಳಿಗೆ ಹಾಕಿದ. ಅವನದು ಹತ್ತಿಯ ವ್ಯಾಪಾರ, ಮಾರ್ಕೆಟ್ ಬಿಡಲು ಬರುವುದಿಲ್ಲ. ಹೋಗುವಾಗ, ನಿಮ್ಮ ಬಚ್ಚಲದಾಗ ಬಿದ್ದಾಳ ನೋಡು, ಎಂದಷ್ಟೇ ಹೇಳಿದ.

ನಾನು ಹೈಸ್ಕೂಲಿನಲ್ಲಿಯೂ ಅಟೆಂಡರನೇ. ಗಂಟೆ ಹೊಡೆಯುವುದು, ಹಾಜರಿ ಪುಸ್ತಕ ಕ್ಲಾಸಿಗೆ ಒಯ್ಯುವುದು, ಕಾಗದಗಳಿಗೆ ಸಾಹೇಬರ ಸಹಿ ಮಾಡಿಸಿ ತರುವುದು, ಚಹಾ. ದವಾಖಾನೆಯ ಗೇಟು ಕಾಯುವ ಗುಲಾಬಸಾಬರು ನೀವು ಯಾರ ಅಟೆಂಡರ್ ಎಂದು ಕೇಳಿದಾಗ ಹೈಸ್ಕೂಲಿನ ಹೆಸರು ಹೇಳಿಬಿಟ್ಟೆ. ಅವರು ನನ್ನನ್ನು ಮೇಲಿಂದ ಕೆಳಗೆ ನೋಡಿ, ಸಾಲಿಗೆ ಏನ್ ಆಗೇತ್ರಿ, ಯಾವ ವಾರ್ಡಿನ್ಯಾಗ ಐತಿ, ಅಂದರು.

ಮಾರ್ಚ್ ೪, ಮಂಗಳವಾರ

ಸಿಸ್ಟರು ಕಾರ್ಡು ನೋಡಿ ದ್ಯಾಮಣ್ಣಾರ ಎಂದು ಕರೆದರು. ನಾನು ಎದ್ದೆ. ನಾನು ದ್ಯಾಮಣ್ಣ ಅಲ್ಲ ಎಂದು ಹೇಳಬೇಕೆಂದುಕೊಂಡೆ, ಅಷ್ಟರಲ್ಲಿ ಅವರು ಬಿಪಿ ನೋಡಿ ಮುಂದಿನ ಹಾಸಿಗೆಗೆ ಹೋದರು. ಆಮೇಲೆ ಯೋಚನೆ ಬಂತು. ಇನ್ನೊಬ್ಬರ ಕಾರ್ಡು ಹಾಕಿಕೊಂಡಿದ್ದಾನೆ ಎಂದು ಗೇಟಿನಲ್ಲಿ ತಡೆದರೆ? ಒಳಗೆ ಅವ್ವ ಒಬ್ಬಳೇ ಆಗುತ್ತಾಳೆ. ಹೀಗೇ ಇರಲಿ ಎಂದು ಸುಮ್ಮನಾದೆ. ಮಧ್ಯಾಹ್ನದ ಹೊತ್ತಿಗೆ ಸುತ್ತಲಿನ ಹಾಸಿಗೆಯವರೆಲ್ಲ ದ್ಯಾಮಣ್ಣಾರ, ಸಲಾಯಿನ್ ಮುಗದೈತಿ ನೋಡ್ರಿ ಅನ್ನತೊಡಗಿದರು. ಒಂದೆರಡು ಸಲ ಕರೆದ ಮೇಲೆ ನನಗೆ ತಿಳಿಯುತ್ತದೆ.

ಹೆಣ್ಣುಮಕ್ಕಳ ವಾರ್ಡು. ರಾತ್ರಿ ಗಂಡಸರು ಇರುವಂತಿಲ್ಲ. ನನ್ನ ಹೆಂಡತಿ ದಾಕ್ಷಾಯಿಣಿ ಹಗಲು ರೊಟ್ಟಿ ಬಡಿದು ಖಾನಾವಳಿಗೆ ಕೊಟ್ಟು ಸಂಜೆಗೆ ಬರುತ್ತಾಳೆ. ಗೇಟಿನಲ್ಲಿ ಕಾರ್ಡು ಅವಳ ಕೊರಳಿಗೆ ಹಾಕಿ ನಾನು ಮನೆಗೆ. ಆಗ ಅವಳು ದ್ಯಾಮಣ್ಣ. ಅವಳಿಗೆ ಇದರ ಚಿಂತೆ ಇಲ್ಲ.

ಕ್ಲಾರ್ಕ್ ಪ್ರಸಾದ ಎರಡು ಸಲ ಫೋನ್ ಮಾಡಿದ. ಮೊದಲು, ಗಂಟೆ ಹೊಡೆಯುವ ಕಟ್ಟಿಗೆಯ ಸುತ್ತಿಗೆ ಎಲ್ಲಿದೆ ಎಂದು. ಆಮೇಲೆ, ಸಿಕ್ಕಿದೆ ಎಂದು. ನಾನಿಲ್ಲದಾಗ ಗಂಟೆ ಹಿಂದೆ ಮುಂದೆ ಆದರೆ ಮಕ್ಕಳು ಊಟಕ್ಕೆ ಬೇಗ ಓಡಿಬಿಡುತ್ತಾರೆ. ಹತ್ತನೆಯವರಿಗೆ ಪರೀಕ್ಷೆ ಹತ್ತಿರ ಬಂದಿದೆ.

ಸಂಜೆ ಮನೆಯಲ್ಲಿ ಮಗಳು ವಾಣಿಶ್ರೀ ಓದುತ್ತ ಕೂತಿದ್ದಳು. ಬಿ.ಎ. ಕೊನೆಯ ವರ್ಷ. ಒಂದು ಇಂಗ್ಲಿಷ್ ಶಬ್ದ ಆರಿಸಿಕೊಂಡು, ಅದಕ್ಕೆ ಎಷ್ಟು ಅರ್ಥ, ಅದರಿಂದ ಯಾವ ಯಾವ ನಾಮಪದ ಹುಟ್ಟುತ್ತವೆ ಎಂದು ಕ್ಲಾಸಿನ ಮುಂದೆ ನಿಂತು ಹೇಳಬೇಕಂತೆ. ಯಾವ ಶಬ್ದ ತಗೊಳ್ಳಲಿ ಅಪ್ಪಾ ಎಂದು ಕೇಳಿದಳು. ನನಗೆ ಗೊತ್ತಿರುವುದು ಅಟೆಂಡರ್ ಒಂದೇ ಎಂದೆ. ಅವಳು ನಕ್ಕು ಫೋನಿನಲ್ಲಿ ನಿಘಂಟು ತೆಗೆದಳು. ತೆಗೆದು ಒಂದೊಂದೇ ಅರ್ಥ ಓದಿ ಹೇಳಿದಳು.

ಅಟೆಂಡ್ ಎಂದರೆ ಒಂದು ಕಡೆ ಹೋಗಿ ಹಾಜರಿರುವುದು. ರೋಗಿಯ ಆರೈಕೆ ಮಾಡುವುದೂ ಅದೇ. ದೊಡ್ಡವರ ಸೇವೆಗೆ ನಿಲ್ಲುವುದೂ ಅದೇ. ಲಕ್ಷ್ಯಗೊಟ್ಟು ಕೇಳುವುದೂ ಅದೇ. ಹಾಜರಿಗೆ ಅಟೆಂಡನ್ಸ್ ಎನ್ನುತ್ತಾರೆ, ಲಕ್ಷ್ಯಕ್ಕೆ ಅಟೆನ್ಶನ್. ಅಟೆನ್ಶನ್ ಎಂದರೆ ಪಿ.ಟಿ. ಮಾಸ್ತರರು ಮೈದಾನದಲ್ಲಿ ಒದರುವುದು ಎಂದೇ ತಿಳಿದಿದ್ದೆ. ಇಂಗ್ಲಿಷಿನವರು ನನ್ನಂಥವರಿಗೆ ಅಟೆಂಡಂಟ್ ಎನ್ನುತ್ತಾರಂತೆ, ಅಟೆಂಡರ್ ಎನ್ನುವುದು ನಮ್ಮ ಕಡೆಯ ರೂಢಿಯಂತೆ. ಹಾಗಾದರೆ ಅವರ ಲೆಕ್ಕದಲ್ಲಿ ನಾನು ಇದ್ದೇನೋ ಇಲ್ಲವೋ ಎಂದು ಸ್ವಲ್ಪ ಹೊತ್ತು ಚಿಂತೆಯಾಯಿತು.

ಒಂದು ಮಾತು ಅವಳಿಗೆ ಹೇಳಲಿಲ್ಲ. ನಾನು ಒಂಬತ್ತನೇ ಇಯತ್ತೆಯಲ್ಲಿ ಇದ್ದಾಗ ಅಪ್ಪನಿಗೆ ಹೊಟ್ಟೆಯ ಆಪರೇಶನ್ ಆಯಿತು. ಅಣ್ಣ ಆಗಷ್ಟೇ ಅಡತಿ ಅಂಗಡಿಗೆ ಹೋಗತೊಡಗಿದ್ದ, ಅವನನ್ನು ಬಿಡಿಸುವಂತಿರಲಿಲ್ಲ. ದವಾಖಾನೆಯಲ್ಲಿ ಅಪ್ಪನ ಹತ್ತಿರ ನಾನು ಕೂತೆ. ವರ್ಷದ ಕೊನೆಗೆ ಅಟೆಂಡನ್ಸ್ ಕಡಿಮೆ ಎಂದು ಪರೀಕ್ಷೆಗೆ ಕೂಡಿಸಲಿಲ್ಲ. ಅಪ್ಪ ಉಳಿದರು. ಒಂಬತ್ತನೇ ಇಯತ್ತೆ ಉಳಿಯಲಿಲ್ಲ.

ಹಾಜರಿ, ಆರೈಕೆ ಎರಡೂ ಒಂದೇ ಶಬ್ದವೆಂದು ಆಗ ಯಾರಾದರೂ ಮಾಸ್ತರರಿಗೆ ಹೇಳಬೇಕಿತ್ತು.

ಮಾರ್ಚ್ ೫, ಬುಧವಾರ

ಏನಾಯಿತೆಂದು ಬರೆಯುತ್ತೇನೆ. ಬರೆದ ಮೇಲಾದರೂ ನಿದ್ದೆ ಬಂದೀತು.

ಬೆಳಿಗ್ಗೆ ಡಾಕ್ಟರು ಬಂದು ನಾಳೆಯೇ ಆಪರೇಶನ್ ಎಂದರು. ಅವರು ಹೋದ ಮೇಲೆ ಸಿಸ್ಟರು ಆಪರೇಶನ್ನಿಗೆ ಒಪ್ಪಿಗೆಯ ಕಾಗದ ಕೊಟ್ಟು, "ದ್ಯಾಮಣ್ಣಾರ ಸಹಿ ಆಗ್ಬೇಕ್ರಿ, ಲಗೂನ," ಎಂದರು.

ಇಪ್ಪತ್ತು ವರ್ಷದ ರೂಢಿ. ಯಾರಾದರೂ ಕಾಗದ ಕೊಟ್ಟು ಇಂಥವರ ಸಹಿ ಆಗಬೇಕು ಎಂದರೆ ನನ್ನ ಕಾಲು ತಾನೇ ನಡೆಯುತ್ತದೆ. ಕಾಗದ ಮಡಿಕೆ ಬೀಳಬಾರದೆಂದು ಪ್ಲಾಸ್ಟಿಕ್ ಫೈಲಿನಲ್ಲಿ ಇಟ್ಟುಕೊಂಡೆ. ಅವ್ವನಿಗೆ ನೀರು ಕುಡಿಸಿ, ಪಕ್ಕದ ಹಾಸಿಗೆಯ ಅಖ್ತರಬೇಗಂ ಅವರಿಗೆ ಸ್ವಲ್ಪ ನೋಡಿಕೊಳ್ಳಿರೆಂದು ಹೇಳಿ, ಚಿಗರಿ ಬಸ್ಸು ಹತ್ತಿದೆ. ಅಖ್ತರಬೇಗಂ ತಮ್ಮ ಅತ್ತೆಯ ಆರೈಕೆಗೆ ಕೂತವರು. ಉಣಕಲ್ಲಿನ ಮನೆಯಲ್ಲಿ ಅಣ್ಣ ಇರಲಿಲ್ಲ. ಅಮರಗೋಳದ ಮಾರ್ಕೆಟ್ಟಿಗೆ ಹೋದೆ. ಹತ್ತಿಯ ಸವಾಲು, ಅಂದರೆ ಹರಾಜು, ನಡೆದಿತ್ತು. ಮಧ್ಯೆ ಹೋಗಿ ಕರೆಯುವುದು ನನ್ನ ಪದ್ಧತಿಯಲ್ಲ. ಸಾಹೇಬರ ಬಾಗಿಲಲ್ಲಿ ನಿಂತಂತೆ ಒಂದು ಕಂಬದ ಹತ್ತಿರ ನಿಂತೆ. ಅವನು ನೋಡಿದಾಗ ಮಧ್ಯಾಹ್ನ ಕಳೆದಿತ್ತು.

ಅಣ್ಣ ಕನ್ನಡಕ ಹಾಕಿಕೊಂಡು ಎಲ್ಲ ಓದಿದ. ಜೀವಕ್ಕೆ ಅಪಾಯವಾಗಬಹುದು ಎಂಬ ಸಾಲಿನ ಮೇಲೆ ಬೆರಳಿಟ್ಟ. ಆ ಬೆರಳು ಅಲ್ಲಿಂದ ಮುಂದೆ ಹೋಗಲಿಲ್ಲ. ಇದಕ್ಕ ಸಹಿ ಅಂದ್ರ ಸಣ್ಣ ಮಾತಲ್ಲ, ಮನ್ಯಾಗ ಕೇಳ್ತೇನಿ, ನಾಳೆ ನೋಡೂಣು, ಎಂದು ಕಾಗದ ತಿರುಗಿ ಕೊಟ್ಟ. ಕೈ ಒರೆಸಿಕೊಂಡ. ನಾನು ಆಯಿತೆಂದು ಕಾಗದ ಫೈಲಿಗೆ ಹಾಕಿದೆ. ಸಾಹೇಬರು ನಾಳೆ ಎಂದರೆ ನಾಳೆ.

ತಿರುಗಿ ಸತ್ತೂರಿಗೆ ಬಂದಾಗ ಸಂಜೆ. ಸಿಸ್ಟರು ಫೋನಿನ ಮೇಲೆ ಫೋನು ಮಾಡಿದ್ದರಂತೆ. ಕೌಂಟರಿನಲ್ಲಿ ಬರೆಸಿದ್ದು ಅಣ್ಣನ ನಂಬರು, ಸವಾಲಿನ ಗದ್ದಲದಲ್ಲಿ ಅವನು ಎತ್ತಿರಲಿಲ್ಲ.

"ಎಲ್ಲಿಗ್ ಹೋಗಿದ್ರಿ? ಸಹಿ?"

"ಇಲ್ಲರಿ. ದ್ಯಾಮಣ್ಣ ನಾಳೆ ನೋಡ್ತೇನಿ ಅಂದ."

ಅವರು ನನ್ನ ಕೊರಳಿನ ಕಾರ್ಡನ್ನು ನೋಡಿದರು. ಆಮೇಲೆ ನನ್ನ ಮುಖ ನೋಡಿದರು. "ನೀವಽ ದ್ಯಾಮಣ್ಣ ಅಲ್ಲೇನ್ರಿ?"

ನಾನು ಹೇಳಿದೆ. ಎಲ್ಲ ಹೇಳಿದೆ. ಅವರು ಬಯ್ಯಲಿಲ್ಲ. ಯಾರು ಹತ್ರ ಅದಾರೋ ಅವರ ಸಹಿ ಸಾಕಾಗಿತ್ತಲ್ರಿ, ನೀವು ಮಗನಽ ಹೌದಲ್ರಿ, ಎಂದರು. ನಾಳೆಯ ಆಪರೇಶನ್ನಿನ ಪಟ್ಟಿ ಮುಗಿದಿತ್ತು. ಶುಕ್ರವಾರ ನೋಡೋಣ ಎಂದರು.

ಹೈಸ್ಕೂಲಿನಲ್ಲಿ ಇಷ್ಟು ವರ್ಷದಲ್ಲಿ ಒಂದು ಕಾಗದವೂ ಸಹಿಯಿಲ್ಲದೆ ತಿರುಗಿ ಬಂದಿಲ್ಲ.

ಮಾರ್ಚ್ ೬, ಗುರುವಾರ

ಅವ್ವನಿಗೆ ಜ್ವರ. ಎದೆಯಲ್ಲಿ ಕಫ. ಜ್ವರ ಇಳಿಯುವವರೆಗೆ ಆಪರೇಶನ್ ಇಲ್ಲ.

ಇವತ್ತು ಬೆಳಿಗ್ಗೆ ಆಗಿಬಿಡಬೇಕಿತ್ತು.

ಮಾರ್ಚ್ ೭, ಶುಕ್ರವಾರ

ಜ್ವರ ಹಾಗೇ ಇದೆ. ಡಾಕ್ಟರು ಬಂದಾಗ ನಾನು ಗೋಡೆಗೆ ಸರಿದು ನಿಲ್ಲುತ್ತೇನೆ. ಇವತ್ತು ನಿಲ್ಲಲಿಲ್ಲ, ಜ್ವರ ಎಷ್ಟಕ್ಕೆ ಇಳಿದರೆ ಮಾಡುತ್ತೀರಿ ಎಂದು ಕೇಳಿದೆ. ಅವರು ಹೇಳಿದರು. ಆಮೇಲೆ ಇನ್ನೊಂದು ಕೇಳಿದೆ. ಅದಕ್ಕೂ ಹೇಳಿದರು. ಹಾಸಿಗೆಯ ತಲೆಭಾಗ ಎತ್ತರಿಸಿ ಕೂಡಿಸಬೇಕು, ಉಸಿರು ಎಳೆಸಬೇಕು, ಬೆನ್ನು ತಟ್ಟಬೇಕು. ದಿನವಿಡೀ ಅದನ್ನೇ ಮಾಡಿದೆ. ಅವ್ವ ನನಗೆ ಬಯ್ದಳು. ಬಯ್ಯಲು ಉಸಿರು ಜೋರಾಗಿ ಎಳೆದುಕೊಳ್ಳಬೇಕಾಗುತ್ತದೆ, ಆದ್ದರಿಂದ ಬಯ್ಯಲಿ ಎಂದು ಬಿಟ್ಟೆ.

ಸಂಜೆ ಅಣ್ಣನ ಫೋನು. ನಿನ್ನ ನೌಕರಿ ಹೋದೀತು, ರಜಾ ಎಷ್ಟಂತ ಹಾಕ್ತಿ, ಹಗಲು ವಾಣಿಶ್ರೀನ ಕೂಡಿಸು, ಹುಡುಗಿ ಕಾಲೇಜು ನಾಲ್ಕು ದಿನ ತಪ್ಪಿದರೆ ಏನಾಗುತ್ತದೆ, ಎಂದ.

ಅಣ್ಣನ ಮಾತಿಗೆ ನಾನು ಇದುವರೆಗೆ ಹೂಂ ಎಂದವನು. ಹೂಂ ಎನ್ನಲು ಬಾಯಿ ತೆರೆದೆ.

"ಬ್ಯಾಡಣ್ಣ. ಆಕಿ ಅಟೆಂಡನ್ಸ್ ಹೋಗೂದು ಬ್ಯಾಡ. ನಾ ಕುಂಡ್ರತೇನಿ."

ನೆಟ್‌ವರ್ಕ್ ಹೋಯಿತೇನೋ ಎಂದು ಫೋನ್ ಕಿವಿಯಿಂದ ತೆಗೆದು ನೋಡಿದೆ. ಇತ್ತು. ನಿನ್ನ ಇಷ್ಟ, ಎಂದು ಇಟ್ಟ. ಸಿಟ್ಟು ಬಂದಿರಬೇಕು. ನಾಳೆ ಫೋನ್ ಮಾಡಿ ಏನಾದರೂ ಹೇಳಬೇಕು. ಏನು ಹೇಳುವುದೋ ಗೊತ್ತಿಲ್ಲ.

ಮಾರ್ಚ್ ೯, ರವಿವಾರ

ಜ್ವರ ಇಳಿದಿದೆ. ನಾಳೆ ಮಾಡುತ್ತೇವೆ ಎಂದಿದ್ದಾರೆ. ಹೊಸ ಕಾಗದ ಕೊಟ್ಟಿದ್ದಾರೆ. ಅದು ನನ್ನ ಫೈಲಿನಲ್ಲಿದೆ. ಆಗಿನಿಂದ ಎರಡು ಸಲ ತೆಗೆದು ನೋಡಿ ತಿರುಗಿ ಇಟ್ಟಿದ್ದೇನೆ.

ಅಣ್ಣ ಬಂದಿದ್ದ. ಎಳನೀರು, ಬಿಸ್ಕತ್ತು, ವಿಭೂತಿ ತಂದಿದ್ದ. ಅವನಿಗೆ ಪ್ರೀತಿ ಇಲ್ಲವೆಂದಲ್ಲ. ಅವ್ವನ ಹಣೆಗೆ ವಿಭೂತಿ ಹಚ್ಚಿ, ಕಣ್ಣಿನ ಮೇಲೆ ಉದುರಿದ ಪುಡಿಯನ್ನು ಬೆರಳಿನಿಂದ ಒರೆಸಿದ, ನಾನು ನೋಡಿದೆ. ಕಾಗದದ ಮಾತು ಬಂತು. ಅವನು ಕಿಟಕಿಯ ಕಡೆ ನೋಡುತ್ತ, ಸಹಿ ಮಾಡಿ ಹೆಚ್ಚುಕಡಿಮೆ ಆದರೆ ಮಂದಿ ಏನಂತಾರೆ ಎಂದ. ನಾನೂ ಅದನ್ನೇ ಯೋಚಿಸುತ್ತಿದ್ದೆ. ಬಿದ್ದದ್ದು ನನ್ನ ಬಚ್ಚಲಲ್ಲಿ, ಚಾಪೆ ನನ್ನದು, ತಡವಾಗಿದ್ದು ನನ್ನಿಂದ, ಇನ್ನು ಸಹಿಯೂ ನನ್ನದೇ ಆದರೆ ಬೇರೆಯವರ ಮೇಲೆ ಹಾಕಲು ಏನೂ ಉಳಿಯುವುದಿಲ್ಲ. ನಾವಿಬ್ಬರೂ ಹಾಸಿಗೆಯ ಆ ಕಡೆ ಈ ಕಡೆ ನಿಂತಿದ್ದೆವು. ಕಾಗದ ನಡುವೆ, ಅವ್ವನ ಹೊದಿಕೆಯ ಮೇಲೆ.

ಅವ್ವ ಕಣ್ಣು ಮುಚ್ಚಿದ್ದಳು. ನಿದ್ದೆಯಲ್ಲಿದ್ದಾಳೆ ಎಂದುಕೊಂಡಿದ್ದೆವು.

"ಮಂದಿ ಎಲ್ಲಿ ಅದಾರೋ ದ್ಯಾಮಣ್ಣ, ನನಗ ಒಬ್ಬರೂ ಕಾಣವಲ್ರು," ಎಂದಳು. ಅಣ್ಣ ಕಿಟಕಿಯಿಂದ ಈಚೆ ತಿರುಗಿದ. "ನಿಮ್ಮಪ್ಪ ಮಲಗಿದ್ದಾಗ ನೀ ಬಂದು ಹೋಗ್ತಿದ್ದಿ. ಇವ ಕುಂತಿದ್ದ. ಈಗೂ ಹಂಗಽ. ಕುಂತಾವ ಮಾಡ್ಲಿ ಸಹಿ."

ಅಪ್ಪನ ಹತ್ತಿರ ನಾನು ಕೂತಿದ್ದು ಅವಳಿಗೆ ನೆನಪಿದೆ ಎಂದು ನನಗೆ ಗೊತ್ತಿರಲಿಲ್ಲ. ಇಷ್ಟು ವರ್ಷ ಆ ಮಾತು ಯಾರೂ ಎತ್ತಿಲ್ಲ. ಒಮ್ಮೆ ನೆಂಟರೊಬ್ಬರು ಇವನು ಯಾಕೆ ಸಾಲಿ ಬಿಟ್ಟ ಎಂದು ಕೇಳಿದಾಗ, ತಲೆಗೆ ಹತ್ತಲಿಲ್ಲ ಎಂದು ಹೇಳಿದ್ದವಳು ಅವಳೇ.

ಅಣ್ಣ ಎಳನೀರಿಗೆ ತೂತು ಮಾಡಿ ಅವಳಿಗೆ ಕುಡಿಸಿದ. ಒಂದು ನನಗೂ ಕೊಟ್ಟ.

ಮಾರ್ಚ್ ೧೦, ಸೋಮವಾರ

ಬೆಳಿಗ್ಗೆ ಕಾಗದ ತಗೊಂಡು ಸಿಸ್ಟರ ಟೇಬಲ್ಲಿಗೆ ಹೋದೆ. ಡಾಕ್ಟರೂ ಅಲ್ಲಿದ್ದರು. ಕೂಡ್ರಿ ಎಂದರು. ಸಾಹೇಬರ ಟೇಬಲ್ಲಿನ ಈಚೆಗೆ ಇರುವ ಕುರ್ಚಿಯಲ್ಲಿ ನಾನು ಕೂತು ಗೊತ್ತಿಲ್ಲ, ಅದನ್ನು ಒರೆಸಿ ಗೊತ್ತು. ತುದಿಯ ಮೇಲೆ ಕೂತೆ. ಒಂದೊಂದು ಸಾಲು ಓದಿ ಅರ್ಥ ಕೇಳಿದೆ. ಅಪಾಯದ ಸಾಲು ಬಂದಾಗ, ಮಾಡದೇ ಇದ್ದರೆ ಅಪಾಯ ಎಷ್ಟು, ಅದನ್ನು ಯಾಕೆ ಇದರಲ್ಲಿ ಬರೆದಿಲ್ಲ ಎಂದು ಕೇಳಿದೆ. ಡಾಕ್ಟರು ಪೆನ್ನಿನ ಹಿಂಭಾಗದಿಂದ ಕಿವಿ ತುರಿಸಿಕೊಂಡು, ಅದೂ ಖರೇನ ಎಂದರು. ಮಾಡದಿದ್ದರೆ ಹೆಚ್ಚು ಎಂದರು.

ಸಹಿ ಮಾಡಿದೆ. ಹೈಸ್ಕೂಲಿನ ಹಾಜರಿ ಮಸ್ಟರಿನಲ್ಲಿ ದಿನಾ ಮಾಡುವ ಸಹಿಯೇ. ಅದು ನಾನು ಬಂದಿದ್ದೇನೆ ಎಂದು ಹೇಳಲು ಮಾಡುವುದು. ಇದು ಬೇರೆ ಎಂದು ಅನ್ನಿಸಿತು, ಆದರೆ ನೋಡಿದರೆ ಅಕ್ಷರ ಅವೇ ಇದ್ದವು.

ಫಕೀರೇಶ ಅಂತ ಐತಿ, ಎಂದರು ಸಿಸ್ಟರು.

"ನನ್ನ ಹೆಸರ್ರಿ. ದ್ಯಾಮಣ್ಣ ನಮ್ಮ ಅಣ್ಣ. ಕಾರ್ಡಿನ್ಯಾಗೂ ತಿದ್ದಿ ಕೊಡ್ರಿ."

ತಿದ್ದಿ ಕೊಟ್ಟರು. ಒಂದು ಗೆರೆ ಎಳೆದು ಮೇಲೆ ಬರೆದರು, ಅಷ್ಟೇ.

ಅವ್ವನನ್ನು ಒಳಗೆ ಒಯ್ದ ಮೇಲೆ ಆಪರೇಶನ್ ಥಿಯೇಟರಿನ ಬಾಗಿಲ ಮೇಲೆ ಕೆಂಪು ದೀಪ ಹತ್ತಿತು. ಹೆಡ್‌ಮಾಸ್ತರರ ಬಾಗಿಲ ಮೇಲೂ ಅಂಥದೇ ಒಂದಿದೆ, ಅದು ಹತ್ತಿದಾಗ ನಾನು ನಿಲ್ಲುತ್ತೇನೆ. ಇಲ್ಲಿಯೂ ನಿಂತೆ. ಎಷ್ಟು ಹೊತ್ತೋ. ಅಣ್ಣ ಬಂದು ಪಕ್ಕದಲ್ಲಿ ನಿಂತ. ಅವನಿಗೆ ಕಾಯುವ ರೂಢಿ ಇಲ್ಲ, ಕಾಲು ಬದಲಿಸುತ್ತಿದ್ದ. ಗೋಡೆಗೆ ಆನಿಕೊಂಡು ಒಂದು ಕಾಲಿನ ಮೇಲೆ ಭಾರ ಹಾಕಿ, ಆಮೇಲೆ ಇನ್ನೊಂದಕ್ಕೆ ಎಂದು ತೋರಿಸಿಕೊಟ್ಟೆ. ಹಾಗೇ ಮಾಡಿದ.

ದೀಪ ಆರಿತು. ಛಲೋ ಆಗೇತಿ ಎಂದರು. ಅಣ್ಣ ಕೆಳಗೆ ಕೂತುಬಿಟ್ಟ. ನಾನು ನೀರು ತರಲು ಹೋದೆ.

ಮಾರ್ಚ್ ೧೩, ಗುರುವಾರ

ಅವ್ವನನ್ನು ವಾಕರ್ ಹಿಡಿಸಿ ನಿಲ್ಲಿಸಿದರು. ನಿಂತಳು. ಕೂಡಿಸಿದ ಮೇಲೆ, ಮನೆಗೆ ಹೋದ ತಕ್ಷಣ ಆ ಚಾಪೆಯನ್ನು ಸುಟ್ಟು ಹಾಕು ಎಂದಳು. ರಬ್ಬರ್ ಸುಟ್ಟರೆ ಹೊಗೆ ಓಣಿಯವರಿಗೆ ತ್ರಾಸು. ತಿಪ್ಪೆಗೆ ಒಗೆದುಬಿಡುತ್ತೇನೆ.

ಅಖ್ತರಬೇಗಂ ಅವರ ಅತ್ತೆಗೂ ಆಪರೇಶನ್ ಅಂತೆ. ಅವರು ಕಾಗದ ಹಿಡಿದುಕೊಂಡು ಬಂದರು. "ಮನ್ಯಾಗಿನವರು ಊರಾಗಿಲ್ರಿ. ನೀವೊಂದಿಷ್ಟು ಜೋಡಿ ಬರ್ರಿ ಅಣ್ಣಾರ," ಎಂದರು. ಹೋದೆ. ಮೊದಲು ಕುರ್ಚಿಯಲ್ಲಿ ಕೂತುಕೊಳ್ಳಿ, ನಿಂತು ಕೇಳಿದರೆ ಅವರು ಅರ್ಧ ಹೇಳುತ್ತಾರೆ ಎಂದು ಅವರಿಗೆ ಹೇಳಿಕೊಟ್ಟೆ. ಸುಮಾರು ಹೊತ್ತು ಹಿಡಿಯಿತು. ತಿರುಗಿ ಬರುವಷ್ಟರಲ್ಲಿ ಪ್ರಸಾದನ ನಾಲ್ಕಾರು ಫೋನು ಬಂದಿದ್ದವು. ನಾಳೆ ಮಾಡಿದರಾಯಿತು. ಗಂಟೆಯದೇ ಇರಬೇಕು.

ವಾಣಿಶ್ರೀ ಕ್ಲಾಸಿನಲ್ಲಿ ಹೇಳಿ ಮುಗಿಸಿದಳಂತೆ. ಛಲೋ ಆಯಿತಂತೆ. ಅಟೆಂಡ್ ಎಂಬುದು ಎಲ್ಲಿಂದ ಬಂತು ಎಂದು ಬೇರು ಹುಡುಕಿದ್ದಳು. ಯಾವುದೋ ಬಹಳ ಹಳೆಯ ಭಾಷೆಯಲ್ಲಿ ಅದಕ್ಕೆ ಒಂದರ ಕಡೆಗೆ ಚಾಚುವುದು ಎಂದು ಅರ್ಥವಂತೆ. ಹಾಗೆ ಚಾಚಿ ಚಾಚಿ ಒಂದು ಕೊಂಬೆ ಹಾಜರಿಯಾಯಿತು, ಇನ್ನೊಂದು ಆರೈಕೆಯಾಯಿತು, ಮತ್ತೊಂದು ಲಕ್ಷ್ಯವಾಯಿತು. ಹಾಜರಿ ಇದ್ದೂ ಲಕ್ಷ್ಯ ಇಲ್ಲದಿರಬಹುದು, ಲಕ್ಷ್ಯ ಇದ್ದೂ ಹಾಜರಿ ತಪ್ಪಬಹುದು, ಎರಡಕ್ಕೂ ಪುಸ್ತಕ ಒಂದೇ ಇರುವುದರಿಂದ ಗೊಂದಲ ಎಂದು ಅವಳು ಹೇಳಿದಾಗ ಕ್ಲಾಸು ನಕ್ಕಿತಂತೆ. ಯಾರನ್ನು ಮನಸ್ಸಿನಲ್ಲಿಟ್ಟುಕೊಂಡು ಹೇಳಿದಿ ಎಂದು ಕೇಳಿದೆ. ಅಜ್ಜಿ ಎಲ್ಲ ಹೇಳಿದಳು ಎಂದಳು.

ಅವ್ವ ಈಗೀಗ ಬಹಳ ಮಾತಾಡುತ್ತಾಳೆ.

ಮಾರ್ಚ್ ೧೭, ಸೋಮವಾರ

ಇವತ್ತು ಬಿಡುಗಡೆ. ಅಣ್ಣ ಕಾರು ತಂದಿದ್ದ. ಅವ್ವನನ್ನು ಉಣಕಲ್ಲಿಗೆ ಕರೆದುಕೊಂಡು ಹೋಗುತ್ತೇನೆ ಎಂದ, ಅಲ್ಲಿಯ ಬಚ್ಚಲಿಗೆ ಹಿಡಿಕೆ ಹಾಕಿಸಿದ್ದಾನಂತೆ. ಅವ್ವ ನನ್ನ ಕಡೆ ನೋಡಿದಳು. ಹೊಲಿಗೆಯ ಟಾಂಕಿ ಬಿಚ್ಚುವವರೆಗೆ ಲಕಮನಹಳ್ಳಿಯಲ್ಲೇ ಇರಲಿ, ದವಾಖಾನೆ ಹತ್ತಿರ, ಹಿಡಿಕೆ ನಾನೂ ಹಾಕಿಸಿದ್ದೇನೆ ಎಂದೆ. ಅಣ್ಣ ಆಯಿತೆಂದ. ಚೀಲಗಳನ್ನು ಅವನೇ ಎತ್ತಿಕೊಂಡ. ನಾನು ಎರಡು ಸಲ ಬೇಡವೆಂದೆ, ಕೊಡಲಿಲ್ಲ.

ಕಾರ್ಡು ಗೇಟಿನಲ್ಲಿ ತಿರುಗಿ ಕೊಡಬೇಕು. ಗುಲಾಬಸಾಬರು ಕೈ ಚಾಚಿ, ಇನ್ನ ನೀವು ಸಾಲಿ ಅಟೆಂಡ್ ಆಗ್ರಿ ಎಂದರು. ಕೊಡಲು ತೆಗೆದಾಗ ಕೊರಳು ಹಗುರೆನಿಸಿತು. ಎಲ್ಲಿಯೋ ಏನೋ ಬಿಟ್ಟು ಬಂದಂತೆ ಗಾಬರಿಯಾಗಿ ಜೇಬು ಮುಟ್ಟಿ ನೋಡಿಕೊಂಡೆ. ಎಲ್ಲ ಇತ್ತು.

ಆಗ ನೆನಪಾಯಿತು. ಕಾರ್ಡು ಕೊಡದೆ ಮತ್ತೆ ಕೊರಳಿಗೆ ಹಾಕಿಕೊಂಡು, ಅಣ್ಣನಿಗೆ ಅವ್ವನನ್ನು ಕಾರಿನಲ್ಲಿ ಕೂಡಿಸು ಎಂದು ಹೇಳಿ ತಿರುಗಿ ವಾರ್ಡಿಗೆ ಓಡಿದೆ. ಸಿಸ್ಟರು ಅವ್ವನ ಫೈಲಿಗೆ ದಾರ ಕಟ್ಟುತ್ತಿದ್ದರು. ಮೊದಲ ದಿನ ಕೌಂಟರಿನಲ್ಲಿ ಬರೆಸಿದ ಹಾಳೆ ಅದರಲ್ಲಿ ಎಲ್ಲಕ್ಕಿಂತ ಮೇಲೆ ಇರುತ್ತದೆ. ಅದನ್ನು ತಿದ್ದಿದರೋ ಇಲ್ಲವೋ ನಾನು ನೋಡಿರಲಿಲ್ಲ. ಅವರು ಎಲ್ಲ ಸರಿ ಐತ್ರಿ, ಹೋಗಿ ಬರ್ರಿ ಎಂದರು. ನಾನು ಕುರ್ಚಿ ಎಳೆದುಕೊಂಡು ಕೂತೆ.

"ಸಿಸ್ಟರ, ದಾರ ಒಂದಿಷ್ಟು ಬಿಚ್ಚರಿ. ಅಟೆಂಡರ್ ಅಂತ ಎಲ್ಲಿ ಬರದಾರ ಅಲ್ಲಿ ಫಕೀರೇಶ ಅಂತ ಐತೇನು, ಇನ್ನೊಮ್ಮೆ ನೋಡ್ರಿ."